ಯಂತ್ರ ಬಿಟ್ಟ ಮೂಲೆ

ಮೊದಲ ಮಹಡಿಯಲ್ಲಿ ಸಾಮಾನು ಸಾಗಿಸುವ ಲಿಫ್ಟಿಗೆ ಕಾಯುತ್ತಾ ಚಹದ ಫ್ಲಾಸ್ಕ್ ಹಿಡಿದು ನಿಂತಿದ್ದೆ. ನನ್ನ ಮುಂದೆ ಗಂಡ ಹೆಂಡತಿ ಇದ್ದರು. ಅವಳ ಕೈಯಲ್ಲಿ ನೆಲ ಒರೆಸುವ ಮಾಪು. ಅವನು ಇಷ್ಟು ವರ್ಷ ಹಗ್ಗದಲ್ಲಿ ನೇತಾಡುತ್ತಾ ಇದೇ ಕಟ್ಟಡದ ಗಾಜು ತೊಳೆದವನು. ಆ ಕೆಲಸಕ್ಕೆ ಇವತ್ತಿನಿಂದ ಯಂತ್ರ ಬಂದಿದೆ.

“ಏನ್ರೀ, ಹೊಸ ಸೊಸೆ ಹೇಗೆ ಕೆಲಸ ಮಾಡ್ತಾಳೆ?” ಎಂದು ಅವಳು ಕೇಳಿದಳು.

“ತಾನೇ ಇಳೀತಾಳೆ, ತಾನೇ ಉಜ್ತಾಳೆ. ನಾನು ತಾರಸಿ ಮೇಲೆ ಕೂತು ಗುಂಡಿ ಒತ್ತೋದಷ್ಟೇ.”

“ಅಂತೂ ಅತ್ತೆ ಆದ್ರಿ ಅನ್ನಿ.”

“ಕೊಳೆ ನೀರನ್ನೂ ಚೆಲ್ಲಲ್ಲ ಕಣೇ. ಹೀರ್ಕೊಂಡು, ಸೋಸಿ, ಮತ್ತೆ ಅದರಲ್ಲೇ ತೊಳೀತಾಳೆ.”

“ನಿಮ್ಮ ಹಾಗೇ. ನಿನ್ನೆ ಹೇಳಿದ್ದನ್ನೇ ಸೋಸಿ ಇವತ್ತು ಹೇಳ್ತೀರಲ್ಲ.”

“ಆದ್ರೆ ಮೂಲೆ ಬಿಡ್ತಾಳೆ. ಬ್ರಷ್ಷು ದುಂಡಗಿದೆ. ಮೂಲೆ ಒರೆಸೋಕೆ ಯಾರು ಹಗ್ಗದಲ್ಲಿ ಇಳೀತೀರಿ ಅಂತ ಸೂಪರ್‌ವೈಸರ್ ಕೇಳಿದ್ರು.”

ಅವಳ ನಗು ನಿಂತಿತು.

“ಕೈ ಎತ್ತಿದ್ರಾ?”

“ಅರ್ಧ.”

“ಅರ್ಧ ಅಂದ್ರೆ?”

“ಎತ್ತುವಾಗ ನೀನು ನೆನಪಾದೆ. ಅಷ್ಟರಲ್ಲಿ ಅವರು ಸರಿ ಅಂದ್ಬಿಟ್ರು.”

“ನಾನು ಯಾವಾಗ್ಲೂ ಕಿಟಕಿಗೆ ಬೆನ್ನು ಹಾಕಿ ನೆಲ ಒರೆಸೋದು ಯಾಕೆ, ಗೊತ್ತಾ?”

“ನನ್ನ ಮುಖ ನೋಡೋಕೆ ಬೇಜಾರು ಅಂದ್ಕೊಂಡಿದ್ದೆ.”

“ಅದೂ ಇದೆ. ಆದ್ರೆ ಗಾಜಿನಾಚೆ ನಿಮ್ಮ ಕಾಲು ನೇತಾಡೋದು ಕಂಡ್ರೆ ನನ್ನ ಕೈಕಾಲು ತಣ್ಣಗಾಗುತ್ತೆ.”

ಲಿಫ್ಟ್ ಬಂತು. ಅವಳು ಹತ್ತಿದಳು, ಹಿಂದೆಯೇ ನಾನೂ ಹತ್ತಿದೆ. ಅವನು ಮಾತ್ರ ಅಲ್ಲೇ ನಿಂತ.

“ಬರಲ್ವಾ?”

“ನೀನು ಹೋಗು. ಸೂಪರ್‌ವೈಸರ್ ಇನ್ನೂ ಕೆಳಗೇ ಇದ್ದಾರೆ. ಆ ಅರ್ಧ ಎತ್ತಿದ ಕೈ ಇಳಿಸಿ ಬರ್ತೀನಿ.”

ಬಾಗಿಲು ಮುಚ್ಚುವ ಮೊದಲೇ ಅವನು ಮೆಟ್ಟಿಲಿನತ್ತ ನಡೆದಿದ್ದ.