ಸದಾನಂದನ ಬೆರಳಿಗೆ ತಾಗದ ಶಾಯಿ

...ಅಲ್ಲ ನಿಖಿಲ್, ವೋಟಿನ ಕ್ಯೂನಲ್ಲಿ ನಿಲ್ಲೋದು ಬೋರು ಅಂತ ಹೇಳಿದ್ಯಲ್ಲ ಈಗ, ಅದು ಕೇಳಿದ ಕೂಡ್ಲೆ ಈ ಅಜ್ಜನಿಗೆ ಸದಾನಂದನ ನೆನಪಾಯ್ತು ಮಾರಾಯ. ನೀನು ನೋಡಿಲ್ಲ ಅವನನ್ನು. ಅಲ್ಲಲ್ಲ, ನೋಡಿದ್ದಿ, ಸಣ್ಣವನಿರುವಾಗ ಎಲೆಕ್ಟ್ರಾ ಸ್ಟ್ರೀಟಿನ ಅಂಗಡಿಯಲ್ಲಿ ನಿನಗೊಂದು ಟಾರ್ಚು ಕೊಟ್ಟಿದ್ದ, ನೀನು ಅದನ್ನು ಬಾಲ್ಕನಿಯಿಂದ ಕೆಳಗೆ ಹಾಕಿದ್ದಿ, ಇರ್ಲಿ. ನಾನೂ ಅವನೂ ಒಂದೇ ಊರಿನವರು, ಕಾಪು ಹತ್ರ, ಅದೇ ಅಂಗಡಿಯಲ್ಲಿ ನಾನು ಕೌಂಟರಲ್ಲಿ, ಅವನು ಹಿಂದೆ ಟೀವಿ ರಿಪೇರಿ. ಹತ್ತೊಂಬತ್ತಕ್ಕೆ ಊರು ಬಿಟ್ಟು ಗಲ್ಫಿಗೆ ಬಂದವನು. ಆಗ ವೋಟು ಹಾಕ್ಲಿಕ್ಕೆ ಇಪ್ಪತ್ತೊಂದು ಆಗ್ಬೇಕಿತ್ತು, ಗೊತ್ತುಂಟಾ? ಹಾಗಾಗಿ ಒಂದು ಸಲವೂ ಹಾಕಿದವನಲ್ಲ. ಆಮೇಲೆ ಊರಿಗೆ ಹೋದಾಗೆಲ್ಲ ಪಟ್ಟಿಯಲ್ಲಿ ಹೆಸರಿಲ್ಲ, ನೀವು ಇಲ್ಲಿ ವಾಸ ಇಲ್ವಲ್ಲ ಅಂತ. ತಂದೆಯ ಮನೆ ಅಲ್ಲಿ, ತೆರಿಗೆ ಕಟ್ಟೋದು ಅಲ್ಲಿ, ವೋಟು ಮಾತ್ರ ಮಾಫಿ, ಇಲ್ಲವೇ ಇಲ್ಲ.

ಮತ್ತೆ ಕಾನೂನು ಬಂತು, ಹೊರದೇಶದಲ್ಲಿ ಇದ್ದವರೂ ಹೆಸರು ಸೇರಿಸ್ಬಹುದು ಅಂತ. ಆದ್ರೆ ಎಂತ ಕಾನೂನು ನೋಡು, ವೋಟು ಹಾಕ್ಲಿಕ್ಕೆ ಊರಿನ ಬೂತಿಗೇ ಹೋಗ್ಬೇಕು. ಓಟರ್ ಕಾರ್ಡೂ ಕೊಡುವುದಿಲ್ಲ, ಪಾಸ್‌ಪೋರ್ಟೇ ತೋರಿಸ್ಬೇಕು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಹಿಡ್ಕೊಂಡ ಹಾಗೆ. ಸದಾನಂದನಿಗೆ ಸಿಟ್ಟು ಬಂದದ್ದೇ ಬಂದದ್ದು. ಶುಕ್ರವಾರ ಬಂದ್ರೆ ಸಾಕು, ನನ್ನನ್ನು ಎಳ್ಕೊಂಡು ಬಸ್ಸಿನಲ್ಲಿ ದುಬೈಗೆ, ಸತ್ವಾಕ್ಕೆ. ಅಲ್ಲಿ ಹಳೇ ವಿಲ್ಲಾಗಳಲ್ಲಿ ನಮ್ಮ ಕಡೆಯ ಹುಡುಗರು ಒಂದೊಂದು ರೂಮಿನಲ್ಲಿ ಆರಾರು ಜನ. ಇವನು ಬಾಗಿಲು ಬಡಿಯುವುದು, ಅವರು ಒಳಗಿಂದ, 'ಅಣ್ಣ, ಇಲ್ಲಿ ರಾಜಕೀಯ ಬೇಡ, ವೀಸಾ ಖಲಾಸ್ ಆಗ್ತದೆ!' ಅಂತ. ಇವನು ಮೆಲ್ಲ, 'ಪಾರ್ಟಿ ಅಲ್ಲ ಮಾರಾಯ. ಯಾರಿಗೆ ಬೇಕಾದ್ರೂ ಹಾಕು, ಹಾಕದೆ ಬೇಕಾದ್ರೂ ಇರು. ಹಾಕುವ ಹಕ್ಕು ಮಾತ್ರ ಬಿಡ್ಬೇಡ.' ಆಮೇಲೆ ಒಳಗೆ ಕೂತು ಚಾ ಕುಡಿದು ಅವರ ಹೆಸರು ಸೇರಿಸ್ಲಿಕ್ಕೆ ಅರ್ಜಿ ತುಂಬಿಸುವುದು. ಇಲ್ಲಿಯ ಕಾನ್ಸುಲೇಟಲ್ಲೇ ಒಂದು ಪೆಟ್ಟಿಗೆ ಇಡಿ ಅಂತ ದಿಲ್ಲಿಗೆ ಬರೆದದ್ದಕ್ಕೆ ಲೆಕ್ಕ ಇಲ್ಲ. ಉತ್ತರವೂ ಇಲ್ಲ. ನಾನು ಸುಮ್ಮನೆ ಜೊತೆಗೆ ಹೋಗುವವನು, ಸತ್ಯ ಹೇಳ್ಬೇಕಾದ್ರೆ ಅಲ್ಲಿಯ ಮೀನು ಊಟಕ್ಕೆ.

ಲೋಕಸಭೆ ಚುನಾವಣೆ ಬಂತು. ಸದಾನಂದ ಹೇಳಿದ, 'ಯಾರಾದ್ರೂ ಹೋಗಿ ಹಾಕಿ ಬೆರಳು ತೋರಿಸಿದ್ರೆ ಉಳಿದವರಿಗೆ ಧೈರ್ಯ ಬರ್ತದೆ.' ಅವನು ವರ್ಷದ ರಜೆ ಪೂರ್ತಿ ಅದಕ್ಕೇ ಇಟ್ಟ. ನನಗೆ ಸಿಕ್ಕಿದ್ದು ನಾಲ್ಕೈದು ದಿನ. ವೋಟಿನ ದಿನವೇ ಸಂಜೆಯ ಫ್ಲೈಟಿಗೆ ವಾಪಸ್. ಹಾಗಾಗಿ ಬೂತಿಗೆ ಹೋಗುವಾಗ ನನ್ನ ಟಿಕೆಟು, ಪಾಸ್‌ಪೋರ್ಟು ಎಲ್ಲ ಕೈಚೀಲದಲ್ಲೇ ಇತ್ತು. ನೀನೂ ತಂಗಿಯೂ ಇದು ನೆನಪಿಟ್ಟುಕೊಳ್ಳಿ.

ಬೂತಿನ ಕ್ಯೂನಲ್ಲಿ ಸದಾನಂದ ನನ್ನ ಎದುರು ನಿಂತಿದ್ದ, ಇಸ್ತ್ರಿ ಹಾಕಿದ ಬಿಳಿ ಅಂಗಿ, ಮದುಮಗನ ಹಾಗೆ. ಬೂತಿನ ಆಫೀಸರು ಯಾರು ಗೊತ್ತುಂಟಾ, ನಮ್ಮದೇ ಶಾಲೆಯಲ್ಲಿ ಕಲಿತವನು. 'ಓಹೋ ಸದಾನಂದಣ್ಣ, ಯಾವಾಗ ಬಂದದ್ದು?' ಅಂದ. ಪಟ್ಟಿಯ ಕೊನೆಯಲ್ಲಿ ಹೊರದೇಶದವರ ಹೆಸರು, ಇವನದ್ದೂ ಉಂಟು, ನನ್ನದೂ ಉಂಟು. 'ಪಾಸ್‌ಪೋರ್ಟ್ ಕೊಡಿ.' ಇವನು ಕಿಸೆಯಿಂದ ಮಡಚಿದ ಕಾಗದ ತೆಗೆದ. ಕಾಪಿ. ಜೆರಾಕ್ಸು.

ಏನು ಅನನ್ಯಾ? 'ಬಟ್ ಹೀ ಹ್ಯಾಡ್ ಎ ಕಾಪಿ, ನೋ?' ಅಂತೀಯಾ? ಅದೇ ಮಗಾ, ಅವನೂ ಅದನ್ನೇ ಕೇಳಿದ್ದು. ನಮ್ಮ ಜೀವನ ಇಡೀ ನಡೆದದ್ದು ಕಾಪಿಯಲ್ಲಿ. ಒರಿಜಿನಲ್ ಅಂಗಡಿಯ ಮುದೀರನ, ಅಂದ್ರೆ ಮ್ಯಾನೇಜರನ, ಕಪಾಟಿನಲ್ಲಿ ಬೀಗ ಹಾಕಿ ಇರುವುದು, ಊರಿಗೆ ಹೋಗುವಾಗ ಮಾತ್ರ ಕೈಗೆ. ರೂಮು ಹಿಡೀಲಿಕ್ಕೆ ಕಾಪಿ, ಸಿಮ್ಮಿಗೆ ಕಾಪಿ, ಆಸ್ಪತ್ರೆಗೆ ಕಾಪಿ. ನಮಗೆಲ್ಲ ಪಾಸ್‌ಪೋರ್ಟ್ ಅಂದ್ರೇ ಕಾಪಿ. ಸತ್ವಾದಲ್ಲಿ ಎಲ್ಲರಿಗೂ 'ಪಾಸ್‌ಪೋರ್ಟ್ ಬೇಕು' ಅಂತ ಹೇಳಿದವನು ಇವನೇ, ತಾನು ತಂದದ್ದೂ ಪಾಸ್‌ಪೋರ್ಟೇ ಅಂತ ಅವನ ಲೆಕ್ಕ. ಒರಿಜಿನಲ್ಲನ್ನು ಅವನು ಬಂದ ಮರುದಿನವೇ ಅವನ ಅಕ್ಕ ಬ್ಯಾಂಕಿನ ಲಾಕರಲ್ಲಿ ಇಟ್ಟಿದ್ರು. ಹಿಂದೊಮ್ಮೆ ಕಾಗದಪತ್ರವನ್ನೆಲ್ಲ ಗೆದ್ದಲು ತಿಂದಿತ್ತು, ಅಂದಿನಿಂದ ಆ ಮನೆಯಲ್ಲಿ ಅದೇ ಕ್ರಮ. ವೋಟಿನ ದಿನ ಬ್ಯಾಂಕಿಗೆ ರಜೆ.

ಆಫೀಸರು ಎದ್ದು ನಿಂತ, ಪಾಪ. 'ಸದಾನಂದಣ್ಣ, ನೀವು ಯಾರಂತ ನನಗೆ ಗೊತ್ತು. ಆದ್ರೆ ಒರಿಜಿನಲ್ ಇಲ್ಲದೆ ಆಗುವುದಿಲ್ಲ, ಕಾನೂನು.' ಎರಡೂ ಪಾರ್ಟಿಯ ಏಜೆಂಟರು, ಬೆಳಿಗ್ಗೆಯಿಂದ ಜಗಳ ಆಡ್ತಿದ್ದವರು, ಇದಕ್ಕೆ ಮಾತ್ರ ಒಂದಾದ್ರು, 'ನಮ್ಮ ಸದಾನಂದನೇ ಸಾರ್, ಬಿಡಿ ಸಾರ್.' ಆಗ್ಲಿಲ್ಲ. ನಾನು ಕೈಚೀಲದಿಂದ ನನ್ನ ಒರಿಜಿನಲ್ ತೆಗೆದೆ, ನನ್ನ ವೋಟು ಆಯ್ತು. ಹೊರಗೆ ಬಂದಾಗ ಅವನು ಮೆಟ್ಟಿಲಲ್ಲಿ ಕೂತಿದ್ದ. ನಾನು ಕೈಯನ್ನು ಕಿಸೆಯಲ್ಲಿ ಹಾಕ್ಕೊಂಡೆ. ಅವನೇ ಎಳೆದು ತೆಗೆದು ಬೆರಳು ನೋಡಿದ, 'ನಿಂದಾದ್ರೂ ಆಯ್ತಲ್ಲ' ಅಂದು ಶಾಯಿಯನ್ನು ಮೆಲ್ಲ ಮುಟ್ಟಿದ, ಒಣಗಿತ್ತು. ಬೆಳಗಿನಿಂದ ರಾತ್ರಿವರೆಗೆ ಓಡಾಡಿದವನು ಅವನು, ಮೀನು ಊಟಕ್ಕೆ ಹೋದವನು ನಾನು. ನನಗೆ ಎಷ್ಟು ಬೇಜಾರಾಯ್ತು ಅಂದ್ರೆ, ಫ್ಲೈಟಿನಲ್ಲಿ ಊಟ ಸೇರಲಿಲ್ಲ.

ಆಮೇಲೆ ಸತ್ವಾದ ಹುಡುಗರು ಹೇಳಿದ್ರು, 'ಸದಾನಂದಣ್ಣನಿಗೇ ಆಗ್ಲಿಲ್ಲ, ನಮಗೆಲ್ಲಿ?' ಅಷ್ಟೆ, ಬಾಗಿಲು ತೆಗೆಯುವುದೂ ನಿಂತಿತು. ಅವನು ಬಿಡ್ಲಿಲ್ಲ, ಇನ್ನೂ ಕೆಲವು ಶುಕ್ರವಾರ ಹೋದ. ಮುಂದಿನ ಚುನಾವಣೆಗೆ ಅವನೇ ಇರ್ಲಿಲ್ಲ, ಹಾರ್ಟು. ಅವನು ಹೋದ ಮೇಲೆ ಒಂದು ಮಸೂದೆ ಬಂತು, ನಮ್ಮ ವೋಟು ಊರಿನಲ್ಲಿ ಬೇರೆಯವರು ಹಾಕ್ಬಹುದು ಅಂತ. ಲೋಕಸಭೆಯಲ್ಲಿ ಪಾಸಾಯ್ತು, ಮತ್ತೆ ರಾಜ್ಯಸಭೆ ದಾಟದೆ ಬಿದ್ದುಹೋಯ್ತು. ಅದನ್ನು ಪೇಪರಲ್ಲಿ ಓದುವಾಗ ಹೇಳ್ಲಿಕ್ಕೆ ಅವನೇ ಇಲ್ಲ.

ಹಾಗಾಗಿ ನಿಖಿಲ್, ಮಂಗ್ಳೂರಿಗೆ ಕಾಲೇಜಿಗೆ ಹೋಗ್ತಿ ಅಲ್ವಾ, ಹಾಸ್ಟೆಲ್ ಹತ್ರವೇ ಬೂತ್ ಇರ್ತದೆ. ಮೊದಲು ಹೆಸರು ಸೇರಿಸು, ಆಮೇಲೆ ಬೋರಾಗು. ಗುರುತು ಇರುವವರ ಮಧ್ಯೆ ಇರುವಾಗಲೇ ವೋಟು ಹಾಕ್ಬೇಕು ಮಗಾ, ದೂರ ಹೋದ ಮೇಲೆ ನೀನು ನೀನೇ ಅಂತ ಎಲ್ಲರಿಗೂ ಗೊತ್ತಿದ್ರೂ ಸಾಕಾಗುವುದಿಲ್ಲ. ಯಲ್ಲಾ, ಏಳು, ಅಜ್ಜಿ ಊಟಕ್ಕೆ ಕರೀತಿದ್ದಾಳೆ.