ಚಾಕುವಿನ ಮೇಲೆ ಸಿಕ್ಕ ಹೆಂಗಸು

“ಕೊಲೆ ಚಾಕು ಮೇಲೆ ಯಾರೋ ಹೆಂಗಸಿನ ಗುರುತಿದೆ ಅಂತ ಬರೆದಿದ್ಯಲ್ಲ, ಆ ಹೆಂಗಸು ನೀನೇ ಕಣಮ್ಮ.”

ಬಸ್ಸಿನ ಸಾಲಿನಲ್ಲಿ ಮುಂದೆ ನಿಂತಿದ್ದ ಹಿರಿಯ ಹೆಂಗಸು ಪಕ್ಕದ ಕಿರಿಯಳಿಗೆ ಇಷ್ಟು ಹೇಳಿದ್ದೇ ತಡ, ಅವರ ಹಿಂದಿದ್ದ ದರ್ಜಿ ಬಟ್ಟೆಗಂಟನ್ನು ಅವಚಿಕೊಂಡು ಒಂದು ಹೆಜ್ಜೆ ಸರಿದು ನಿಂತ. ಕಿವಿ ಮಾತ್ರ ಅಲ್ಲೇ ಇತ್ತು.

“ನಾನಾ ಮೇಡಂ?”

“ಮತ್ತಿನ್ಯಾರು? ನಿನ್ನ ರಿಪೋರ್ಟಿಗೆ ಸಹಿ ಹಾಕೋ ಮುಂಚೆ ನಮ್ಮ ಲ್ಯಾಬಿನವರ ಡಿಎನ್‌ಎ ಜೊತೆ ಹೋಲಿಸಿ ನೋಡ್ದೆ. ನಿಂದಕ್ಕೇ ಸರಿಹೋಯ್ತು. ಮಾಸ್ಕ್ ಇಳಿಸ್ಕೊಂಡು ಹರಟೆ ಹೊಡೆದಿರ್ತೀಯ, ಎಂಜಲು ಚಾಕು ಮೇಲೆ ಸಿಡಿದಿದೆ.”

ವಿಧಿವಿಜ್ಞಾನ ಪ್ರಯೋಗಾಲಯದವರು ಎಂದು ತಿಳಿದು ದರ್ಜಿ ನೆಮ್ಮದಿಯ ಉಸಿರು ಬಿಟ್ಟ. ಕಿರಿಯಳ ಮುಖ ಬಾಡಿತು.

“ಪೊಲೀಸರು ಇಲ್ಲದ ಹೆಂಗಸನ್ನ ಹುಡುಕ್ತಾ ಕೂತಿರೋರು. ಇರಿದವನು ಆರಾಮಾಗಿ ತಪ್ಪಿಸ್ಕೊಳ್ಳೋನು. ನನ್ನ ಕೆಲ್ಸ ಹೋಗುತ್ತಾ ಮೇಡಂ?”

“ಮುಚ್ಚಿಟ್ರೆ ಹೋಗುತ್ತೆ. ನಾಳೆ ಫೈಲಲ್ಲಿ ಆ ಗುರುತು ನಂದೇ ಅಂತ ನಿನ್ನ ಕೈಯಾರೆ ಬರಿ, ಕೆಳಗೆ ನಾನೂ ಸಹಿ ಹಾಕ್ತೀನಿ. ನನ್ನ ಕೂದಲೂ ಒಂದ್ಸಲ ಕೊಲೆ ಕೇಸಿಗೆ ಸೇರ್ಕೊಂಡಿತ್ತು. ಆಗಿನ ಸಾಹೇಬ್ರು ನನ್ನ ಕೈಲೂ ಹೀಗೇ ಬರೆಸಿದ್ರು.”

“ನಿಮ್ಮ ಕೂದಲಾ?”

“ಆಗ ಉದ್ದ ಜಡೆ ಇತ್ತು ಕಣೇ ನಂಗೆ.”

ಕಿರಿಯಳು ನಗುತ್ತಲೇ ಕಣ್ಣೊರೆಸಿಕೊಂಡಳು.

“ನೀವು ನೋಡದೆ ಸಹಿ ಹಾಕಿದ್ರೆ ನಾನು ತಲೆ ಎತ್ತೋ ಹಾಗಿರ್ಲಿಲ್ಲ. ನಿಮ್ಮ ಉಪಕಾರ ಮರೆಯಲ್ಲ ಮೇಡಂ.”

“ಅದನ್ನ ಮರೆತ್ರೂ ಪರವಾಗಿಲ್ಲ. ಮಾಸ್ಕ್ ಮರೀಬೇಡ.”

ಬಸ್ಸು ಬಂತು. ಕಿರಿಯಳು ಮೊದಲು ನುಗ್ಗಿ, ಉಳಿದಿದ್ದ ಒಂದೇ ಸೀಟು ಹಿಡಿದು ಮೇಡಂ ಅವರನ್ನು ಕೂರಿಸಿ, ಅವರ ಚೀಲವನ್ನು ತನ್ನ ಹೆಗಲಿಗೇ ಹಾಕಿಕೊಂಡು ಪಕ್ಕದಲ್ಲಿ ನಿಂತಳು.