ಮಾದರಿ ರೈತನ ಮನವಿ

ಸಹಕಾರ ಸಂಘದ ಸನ್ಮಾನ್ಯ ಅಧ್ಯಕ್ಷರೇ, ಕೃಷಿ ಇಲಾಖೆಯ ಅಧಿಕಾರಿಗಳೇ, ವೇದಿಕೆಯ ಮೇಲೆ ಕುರ್ಚಿ ಸಿಕ್ಕ ಗಣ್ಯರೇ, ಸಿಗದೆ ಕೆಳಗೆ ಕುಳಿತ ಅಷ್ಟೇ ಗಣ್ಯರಾದ ಸಭಿಕರೇ,

ಸಂಘದ ವಾರ್ಷಿಕೋತ್ಸವದ ಈ ದಿನ ನನ್ನನ್ನು ಮಾದರಿ ರೈತನೆಂದು ಸನ್ಮಾನಿಸಿದ್ದೀರಿ. ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟವನು ಅದು ಹೇಗೆ ರೈತನಾದ ಎಂದು ಕೆಲವರು ಗೊಣಗುತ್ತಿದ್ದಾರಂತೆ. ಬಂಧುಗಳೇ, ರೈತ ಎಂದರೆ ಯಾರು? ಜಮೀನು ಯಾರ ಹೆಸರಿನಲ್ಲಿದೆಯೋ ಅವನು. ಅಪ್ಪ ಹೋಗುವ ಮುಂಚೆ ಜಮೀನನ್ನು ನನ್ನ ಹೆಸರಿಗೆ ಬರೆದರು. ಅಂದಿನಿಂದ ಸರ್ಕಾರದ ಸಹಾಯಧನ ಒಂದು ವರ್ಷವೂ ತಪ್ಪದೆ ನನ್ನ ಖಾತೆಗೆ ಬಂದಿದೆ. ಹಾಗೆ ತಪ್ಪದೆ ಬರಬೇಕಾದರೆ ಎಷ್ಟು ಓಡಾಡಬೇಕು ಗೊತ್ತೇ? ಅದೂ ಒಂದು ಬೇಸಾಯವೇ.

ಉಳುಮೆ, ಬಿತ್ತನೆ, ಕಳೆ ಕೀಳುವುದು, ಇವನ್ನೆಲ್ಲ ನಮ್ಮಕ್ಕ ನೋಡಿಕೊಳ್ಳುತ್ತಾಳೆ. ಅಲ್ಲಿ, ಕಂಬದ ಪಕ್ಕ ಕುಳಿತಿದ್ದಾಳೆ. ಭಾವ ತೀರಿಕೊಂಡ ಮೇಲೆ ತವರಿಗೆ ಬಂದಾಗಲೇ, 'ನೀನು ಅಂಗಡಿ ನೋಡ್ಕೋ, ಹೊಲ ನಂಗೆ ಬಿಡು' ಅಂದಳು. ಬಿಟ್ಟೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಆದರೆ ಒಂದೇ ಮನೆಯಲ್ಲಿ ಎಲ್ಲರ ಕೈಯೂ ಕೆಸರಾಗಬೇಕೆಂದು ಎಲ್ಲಿದೆ?

ಹಾಗಂತ ನಾನು ಹೊಲಕ್ಕೆ ಕಾಲಿಡದವನಲ್ಲ. ಹೋದ ವರ್ಷ ತಪಾಸಣೆಗೆ ಬಂದ ಅಧಿಕಾರಿಗಳು ಬೆಳೆಯ ನಡುವೆ ನಿಲ್ಲಿ, ಫೋಟೋ ಬೇಕು ಎಂದರು. ಇಸ್ತ್ರಿ ಅಂಗಿ ತೊಟ್ಟು ಎದೆಯುಬ್ಬಿಸಿ ನಿಂತೆ. ದೂರದಿಂದ ಅಕ್ಕ ಕೂಗಿದಳು: 'ತಮ್ಮಾ, ಅದು ಪಕ್ಕದವ್ರ ಈರುಳ್ಳಿ ಕಣೋ! ನಮ್ದು ಆಲೂಗಡ್ಡೆ, ಈ ಕಡೆ ಬಾರೋ!' ಎಲ್ಲರೂ ನಕ್ಕರು, ನಾನೂ ನಕ್ಕೆ. ಎರಡೂ ಹಸಿರೇ ತಾನೇ?

ಪಂಪಿನ ಮಾತನ್ನೂ ಕೆಲವರು ಎತ್ತುತ್ತಾರೆ. ಹೊಲಕ್ಕೆಂದು ಇಲಾಖೆ ಅರ್ಧ ಬೆಲೆಗೆ ಕೊಟ್ಟ ಪಂಪು ಪೇಟೆಯ ನಮ್ಮ ಮನೆಯಲ್ಲಿದೆ, ನಿಜ. ಮಹಡಿಯ ಟ್ಯಾಂಕಿಗೆ ನೀರು ಹತ್ತಿಸುತ್ತಿದೆ. ಆ ನೀರು ಕುಡಿಯುವವನೂ ರೈತನೇ ಅಲ್ಲವೇ? ಅಕ್ಕ ಕಾಲುವೆಯಿಂದ ಹೇಗೋ ಸಾಗಿಸುತ್ತಾಳೆ, ಅವಳಿಗೆ ಅಭ್ಯಾಸವಿದೆ.

ಈಗ ಮುಖ್ಯ ವಿಷಯ. ಈ ವರ್ಷದಿಂದ ಸಹಾಯಧನ ಉಳುವವರಿಗೇ ಎಂದು ಹೊಸ ನಿಯಮ ಬಂದಿದೆ. ಯಾರು ಉಳುತ್ತಾರೆಂದು ಊರಿನವರು ಸಭೆಯಲ್ಲಿ ಕೈ ಎತ್ತಿ ಹೇಳಬೇಕಂತೆ. ನನ್ನ ಭಾಷಣ ಮುಗಿದೊಡನೆ ಅಧಿಕಾರಿಗಳು ನಿಮ್ಮನ್ನು ಕೇಳುತ್ತಾರೆ. ಅಕ್ಕನೂ ಅರ್ಜಿ ಹಾಕಿದ್ದಾಳೆ. 'ಗೊಬ್ಬರಕ್ಕೆ, ಬೀಜಕ್ಕೆ ಇನ್ನೂ ಎಷ್ಟು ವರ್ಷ ನಿನ್ನ ಮುಂದೆ ಕೈಚಾಚಲೋ? ನಂಗೂ ವಯಸ್ಸಾಯ್ತು' ಅಂದಳು. ನನಗೆ ಬೇಸರವಾಯಿತು. ಕೇಳಿದಾಗ ನಾನು ಇಲ್ಲ ಎಂದದ್ದುಂಟೇ? ತಡ ಮಾಡಿರಬಹುದು. ಒಂದು ಸಲ ಬಿತ್ತನೆಯ ಹದ ಮೀರಿತು, ಅಷ್ಟೆ.

ಆದ್ದರಿಂದ ನನ್ನ ಮನವಿ. ಈಗಲೇ ಒಮ್ಮೆ ಅಭ್ಯಾಸ ಮಾಡಿಬಿಡೋಣ. ನಮ್ಮ ಹೊಲ ಉಳುವವನು ಈ ಮಾದರಿ ರೈತನೇ ಎನ್ನುವವರು ಕೈ ಎತ್ತಿ.

ಎತ್ತಿ, ಸಂಕೋಚ ಬೇಡ.

ಮೈಕು ಕೇಳಿಸುತ್ತಿದೆ ತಾನೇ?

ಸರಿ, ಹೊಲ ನಮ್ಮಕ್ಕ ಉಳುತ್ತಾಳೆ ಎನ್ನುವವರು? ತಮಾಷೆಗೆ ಕೇಳುತ್ತಿದ್ದೇನೆ.

ಸಾಕು, ಇಳಿಸಿ. ಹಿಂದಿನವರೂ ಇಳಿಸಿ. ಅಧ್ಯಕ್ಷರೇ, ತಾವೂ? ಅಲ್ಲಿ ಎರಡೂ ಕೈ ಎತ್ತಿದವಳು ನಮ್ಮ ಮನೆಯವಳಲ್ಲವೇ? ಹೌದು, ಅವಳೇ.

ನನಗೆ ಸಿಟ್ಟು ಬರುತ್ತಿದೆ, ಮುಚ್ಚಿಡುವುದಿಲ್ಲ. ನಾಚಿಕೆಯೂ ಆಗುತ್ತಿದೆ. ಇಡೀ ಸಭೆಯಲ್ಲಿ ಕೈ ಎತ್ತದವಳು ಒಬ್ಬಳೇ. ಅಕ್ಕಾ, ಯಾಕೆ ತಲೆ ತಗ್ಗಿಸಿದೆ? ತಮ್ಮನ ಮಾನ ಹೋದೀತು ಅಂತಲಾ?

ಎತ್ತಕ್ಕಾ. ಅಧಿಕಾರಿಗಳು ನೋಡ್ತಿದಾರೆ, ಎತ್ತು.

ಸನ್ಮಾನಿಸಿದ ಸಂಘಕ್ಕೆ ಕೃತಜ್ಞತೆಗಳು. ಕೈ ಎತ್ತಿದ ಎಲ್ಲರಿಗೂ, ಕೊನೆಯಲ್ಲಿ ಎತ್ತಿದವಳಿಗೂ, ಮನಸ್ಸಿಲ್ಲದ ಮನಸ್ಸಿನಿಂದ ನನ್ನ ನಮಸ್ಕಾರ.